ಬಸ್ಟರ್ ಕೀಟನ್ ಬದುಕು ಬರೆಯಲು ಇಟ್ಟುಕೊಂಡ ಲೆಕ್ಕದ ಪುಸ್ತಕ

ತೆರೆಯ ಮೇಲೆ ಲೋಕವನ್ನೆಲ್ಲ ನಗಿಸಿದ, ಮನೆಯಲ್ಲಿ ಒಬ್ಬನೇ ಕೂತು ಕುಡಿದ. ಹಾಸ್ಯನಟರ ಬಗ್ಗೆ ಬರೆಯಲು ಕೂತರೆ ಈ ಸಾಲು ಕರೆಯದೆಯೇ ಬಂದುಬಿಡುತ್ತದೆ. ಅಮೆರಿಕದ ಮೂಕಿಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್ ವಿಷಯದಲ್ಲಂತೂ ಹೇಳಿ ಮಾಡಿಸಿದ ಹಾಗಿದೆ: ನಗದ ಮುಖ, ಮುರಿದುಬಿದ್ದ ಎರಡು ಮದುವೆ, ಕುಡಿತ, ಕೈತಪ್ಪಿದ ಸ್ಟುಡಿಯೊ, ಮುದಿ ವಯಸ್ಸಿನಲ್ಲಿ ಮರಳಿ ಬಂದ ಮನ್ನಣೆ. ಒಂದು ದಾಖಲೆಯನ್ನೂ ತೆರೆಯದೆ ಇಷ್ಟರ ಮೇಲೆಯೇ ಹತ್ತು ಪುಟ ಬರೆಯಬಹುದು. ಹಾಗೆ ಬರೆದವರೂ ಬೇಕಾದಷ್ಟು ಮಂದಿ ಇದ್ದಾರೆ. ಕೀಟನ್ ಕುರಿತ ದೀರ್ಘ ಬರಹಕ್ಕೆ ಕೈ ಹಾಕಿದಾಗ ನಾನು ಮೊದಲು ಮಾಡಿದ್ದು ಆ ಸಾಲನ್ನು ಪಕ್ಕಕ್ಕಿಟ್ಟು ತಾರೀಕುಗಳ ಲೆಕ್ಕ ಬರೆಯುವ ಕೆಲಸ. ಲೆಕ್ಕ ಬೆಳೆದಂತೆ ಎರಡು ನಂಬಿಕೆಗಳು ನಿಲ್ಲದೆ ಹೋದವು. ಮಾತಿನ ಚಿತ್ರಗಳು ಬಂದು ಕೀಟನ್‌ನನ್ನು ಮುಗಿಸಿದವು ಎಂಬುದು ಒಂದು. ಕುಡಿತ ಆತನ ಕೆಲಸ ಕೆಡಿಸಿತು ಎಂಬುದು ಇನ್ನೊಂದು. ಎರಡನೆಯದು ಪೂರ್ತಿ ಸುಳ್ಳಲ್ಲ, ಆದರೆ ಹಿಂದುಮುಂದಾಗಿದೆ.

ಲೆಕ್ಕದ ಪುಸ್ತಕದಲ್ಲಿ ಐದು ಕಾಲಂ: ದಿನಾಂಕ, ಕೆಲಸ, ಮನೆ, ದುಡ್ಡು, ಆಧಾರ. ಆಧಾರದ ಕಾಲಮ್ಮಿನಲ್ಲಿ ಎರಡು ಸಂಗತಿ ಬರೆಯಬೇಕು. ಮಾಹಿತಿ ಯಾರಿಂದ ಬಂತು, ಘಟನೆ ನಡೆದು ಎಷ್ಟು ವರ್ಷವಾದ ಮೇಲೆ ಬಂತು. ಆ ವರ್ಷದೊಳಗೇ ದಾಖಲಾದದ್ದು, ಅಂದರೆ ಕೋರ್ಟಿನ ಕಾಗದ, ಕರಾರು, ಸ್ಟುಡಿಯೊದ ದಿನವಹಿ ವರದಿ, ಮದುವೆಯ ನೋಂದಣಿ, ಚಿತ್ರೀಕರಣ ನಡೆದ ಊರಿನ ಪತ್ರಿಕೆಯ ಸುದ್ದಿ, ಇವು ಮೊದಲ ದರ್ಜೆ. ಇಪ್ಪತ್ತು ಮೂವತ್ತು ವರ್ಷ ಕಳೆದ ಮೇಲೆ ನೆನಪಿನಿಂದ ಹೇಳಿದ್ದು ಎರಡನೆಯ ದರ್ಜೆ, ಹೇಳಿದವನು ಸ್ವತಃ ಕೀಟನ್ ಆಗಿದ್ದರೂ ಸರಿ. ಮೊದಲು ಯಾರು ಹೇಳಿದರು ಎಂದೇ ಗೊತ್ತಾಗದ್ದು ಮೂರನೆಯ ದರ್ಜೆ. ಮೊದಲ ಎರಡನ್ನು ಇಂಕಿನಲ್ಲಿ ಬರೆದೆ, ಮೂರನೆಯದಕ್ಕೆ ಪೆನ್ಸಿಲ್ ಸಾಕು.

ಒಂದೊಂದು ಚಿತ್ರಕ್ಕೂ ಮೂರು ಸಾಲು ಬೇಕು: ಚಿತ್ರೀಕರಣ, ಮೊದಲ ಪ್ರದರ್ಶನ, ಬಿಡುಗಡೆ. ಇದು ಅತಿಯಾಯಿತು ಅನ್ನಿಸಬಹುದು. ಆದರೆ ಮನೆಯ ಘಟನೆಗಳಿಗೆ ದಿನ ಸಿಗುತ್ತದೆ, ಚಿತ್ರಗಳಿಗೆ ಎಲ್ಲರೂ ಬರೀ ವರ್ಷ ಹಾಕುತ್ತಾರೆ. ಎರಡನ್ನೂ ಒಟ್ಟಿಗೆ ಇಟ್ಟಾಗ ಕಾರಣವೇ ಪರಿಣಾಮದ ಜಾಗದಲ್ಲಿ ಹೋಗಿ ಕೂರುತ್ತದೆ. ‘ದ ಜನರಲ್’ ಚಿತ್ರೀಕರಣ ನಡೆದದ್ದು 1926ರ ಬೇಸಿಗೆಯಲ್ಲಿ, ಆರೆಗನ್ ರಾಜ್ಯದ ಕಾಟೇಜ್ ಗ್ರೋವ್‌ನಲ್ಲಿ. ಉರಿಯುವ ಸೇತುವೆಯ ಮೇಲಿಂದ ನಿಜವಾದ ರೈಲು ಎಂಜಿನ್ ನದಿಗೆ ಬಿದ್ದದ್ದು ಜುಲೈ 23ರಂದು. ಮೊದಲ ಪ್ರದರ್ಶನ ಡಿಸೆಂಬರ್ 31ರಂದು, ಅದೂ ಟೋಕಿಯೊದಲ್ಲಿ. ನ್ಯೂಯಾರ್ಕಿಗೆ ಬಂದದ್ದು 1927ರ ಫೆಬ್ರವರಿಗೆ. ಬರೀ 1927 ಎಂದು ಬರೆದುಕೊಂಡರೆ, ಆ ವರ್ಷ ಮೇಲಿನವರು ಕೀಟನ್ ಮೇಲೆ ಹಾಕಿದ ಹಿಡಿತಕ್ಕೂ ಈ ಚಿತ್ರದ ಭಾರೀ ಖರ್ಚಿಗೂ ಇರುವ ನಂಟು ಕಾಣುವುದೇ ಇಲ್ಲ. ಸೇತುವೆಯ ಒಂದು ಶಾಟಿಗೇ 42,000 ಡಾಲರ್ ಖರ್ಚಾಯಿತು ಎನ್ನುತ್ತಾರೆ. ಹಾಕಿದ ದುಡ್ಡಿಗೆ ತಕ್ಕ ಗಳಿಕೆ ಬರಲಿಲ್ಲ. ಮುಂದಿನ ಎರಡು ಚಿತ್ರಗಳಿಗೆ ಹ್ಯಾರಿ ಬ್ರ್ಯಾಂಡ್ ಎಂಬ ಮೇಲ್ವಿಚಾರಕ ಬಂದು ಕೂತ. ಇದು ಕೆಲಸದ ಕಾಲಮ್ಮಿನಲ್ಲಿ ಬಿದ್ದ ಮೊದಲ ಬಿರುಕು. ಆಗ ಮನೆಯ ಕಾಲಮ್ಮಿನಲ್ಲಿ ಬೆವರ್ಲಿ ಹಿಲ್ಸ್‌ನ ದೊಡ್ಡ ಬಂಗಲೆಯ ಗೃಹಪ್ರವೇಶ ನಡೆದಿತ್ತು.

ಬಿದ್ದ ಗೋಡೆ

ಈ ಲೆಕ್ಕ ಹೇಗೆ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಎಲ್ಲರೂ ನೋಡಿರುವ ಒಂದು ಶಾಟ್ ಸಾಕು. ‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ನಲ್ಲಿ ಬಿರುಗಾಳಿಗೆ ಮನೆಯ ಇಡೀ ಮುಂಗೋಡೆ ಕೀಟನ್ ಮೇಲೆ ಬೀಳುತ್ತದೆ. ಆತ ನಿಂತ ಜಾಗದ ಮೇಲೆ ಸರಿಯಾಗಿ ಮಾಳಿಗೆಯ ಕಿಟಕಿಯ ಕಂಡಿ ಬಂದು ಕೂರುತ್ತದೆ, ಆತ ಹಾಗೇ ನಿಂತಿರುತ್ತಾನೆ. ಬದುಕೇ ಬೇಡವಾಗಿತ್ತು, ಸತ್ತರೆ ಸಾಯಲಿ ಎಂದು ನಿಂತ ಎಂಬ ಕಥೆ ಇದರ ಸುತ್ತ ಬೆಳೆದಿದೆ. ಕಥೆಗೆ ಆಧಾರವೇ ಇಲ್ಲ ಎಂದಲ್ಲ. ಸ್ಟುಡಿಯೊ ಮುಚ್ಚುವ ಸುದ್ದಿ ಅದೇ ಹೊತ್ತಿಗೆ ಕಿವಿಗೆ ಬಿದ್ದಿತ್ತು, ತಲೆ ಕೆಟ್ಟಿದ್ದರಿಂದಲೇ ಅದನ್ನು ಮಾಡಿದೆ ಎಂಬರ್ಥದ ಮಾತನ್ನು ಎಷ್ಟೋ ವರ್ಷಗಳ ಮೇಲೆ ಕೀಟನ್ನೇ ಆಡಿದ್ದಾನೆ. ಎರಡನೆಯ ದರ್ಜೆಯ ಆಧಾರ. ಇಟ್ಟುಕೊಳ್ಳಬಹುದು, ಆದರೆ ಅದರ ಮೇಲೆ ಮನೆ ಕಟ್ಟುವಂತಿಲ್ಲ.

ಕೆಲಸದ ಕಾಲಂ ಬೇರೆಯದನ್ನೇ ಹೇಳುತ್ತದೆ. 1919ರಲ್ಲಿ ಗೆಳೆಯ, ಹಾಸ್ಯನಟ ರಾಸ್ಕೊ ಆರ್ಬಕಲ್ ಜೊತೆ ಮಾಡಿದ ‘ಬ್ಯಾಕ್ ಸ್ಟೇಜ್’ನಲ್ಲಿ ಹಗುರಾದ ರಂಗಪರದೆಯ ಚೌಕಟ್ಟು ಹೀಗೆಯೇ ಬೀಳುತ್ತದೆ, ಅಡಿಯಲ್ಲಿದ್ದವನು ಕಿಟಕಿಯ ಜಾಗದಲ್ಲಿ ಉಳಿಯುತ್ತಾನೆ. 1920ರ ‘ಒನ್ ವೀಕ್’ನಲ್ಲಿ ಅದೇ ಉಪಾಯ ಮನೆಯ ಗೋಡೆಗೆ ಬಂತು. 1927ರ ಬೇಸಿಗೆಯ ಕೊನೆಯಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನದಿಯ ದಂಡೆಯಲ್ಲಿ ಹಾಕಿದ್ದ ಸೆಟ್ಟಿನಲ್ಲಿ, ಅದು ಪೂರ್ತಿ ತೂಕದ ಗೋಡೆಯಾಯಿತು. ತೂಕ ಎರಡು ಟನ್ ಎಂಬ ಲೆಕ್ಕ ರೂಢಿಯಲ್ಲಿದೆ. ತೂಕ ಬೇಕಾದದ್ದು ಶೂರತನ ತೋರಿಸಲಿಕ್ಕಲ್ಲ. ಬಿರುಗಾಳಿಗಾಗಿ ವಿಮಾನದ ಎಂಜಿನ್ ಹಚ್ಚಿದ ಫ್ಯಾನುಗಳು ಓಡುತ್ತಿದ್ದವು, ಹಗುರ ಗೋಡೆಯಾದರೆ ಆ ಗಾಳಿಗೆ ತಿರುಚಿಕೊಂಡು ಕಿಟಕಿ ಅತ್ತಿತ್ತ ಸರಿಯುತ್ತಿತ್ತು. ಗೋಡೆಯ ಬುಡಕ್ಕೆ ಕೀಲು, ನಿಲ್ಲುವ ಜಾಗಕ್ಕೆ ಗುರುತಿನ ಮೊಳೆ, ಮೈಗೂ ಕಿಟಕಿ ಚೌಕಟ್ಟಿಗೂ ನಡುವೆ ಎರಡು ಮೂರು ಇಂಚು. ಎಂಟು ವರ್ಷ ಒಂದೇ ಉಪಾಯವನ್ನು ಮೂರು ಸಲ ದೊಡ್ಡದು ಮಾಡುತ್ತಾ ಬಂದವನು ಲೆಕ್ಕ ಹಾಕಿ ನಿಂತ ಜಾಗ ಅದು. ಜೊತೆಗೆ ಇನ್ನೊಂದು ಸಾಲು: ಚಿತ್ರದ ಕೊನೆಗೆ ಮೊದಲು ಇದ್ದದ್ದು ಬಿರುಗಾಳಿಯಲ್ಲ, ನೆರೆ. 1927ರಲ್ಲಿ ಮಿಸಿಸಿಪಿ ನದಿಯ ಭಾರೀ ಪ್ರವಾಹದಲ್ಲಿ ಜನ ಸತ್ತಿದ್ದರಿಂದ ನೆರೆಯನ್ನು ನಗೆಗೆ ಬಳಸಬಾರದು ಎಂದು ಮೇಲಿನಿಂದ ಅಪ್ಪಣೆ ಬಂತು. ಸೆಟ್ ಬದಲಾಯಿತು, ಖರ್ಚು ಏರಿತು, ನೆರೆಯ ಬದಲು ಗಾಳಿ ಬಂತು, ಗಾಳಿಯಿಂದಾಗಿ ಗೋಡೆ ಬಿತ್ತು. ಹತಾಶೆಯಿಂದ ಹುಟ್ಟಿದ ಶಾಟ್ ಎಂದು ಬರೆಯುವವರು ಈ ನಾಲ್ಕು ಸಾಲನ್ನು ಏನು ಮಾಡುತ್ತಾರೆ?

ನಾನು ಬರೆದಾಗ ಶಾಟ್ ಕಟ್ಟಿದ ಬಗೆಗೆ ಎರಡು ಪ್ಯಾರಾ ಕೊಟ್ಟೆ, ಸ್ಟುಡಿಯೊ ಮುಚ್ಚುವ ಸುದ್ದಿಗೆ ಒಂದು ವಾಕ್ಯ. ಅಳತೆ ಹೀಗೆಯೇ ಇರಬೇಕು ಎಂಬುದು ನನ್ನ ಹಟ.

ಬಾಲ್ಯ ಬರೆಯುವುದು ಸುಲಭ, ಅದಕ್ಕೇ ಕಷ್ಟ. ಹುಟ್ಟಿದ್ದು 1895ರ ಅಕ್ಟೋಬರ್ 4, ಕ್ಯಾನ್ಸಸ್ ರಾಜ್ಯದ ಪಿಕ್ವಾ ಎಂಬ ಹಳ್ಳಿಯಲ್ಲಿ. ಅಪ್ಪ ಜೋ, ಅಮ್ಮ ಮೈರಾ ಊರೂರು ಅಲೆಯುವ ಕಲಾವಿದರು. ‘ಮೂವರು ಕೀಟನ್‌ಗಳು’ ಎಂಬ ವಾಡ್ವಿಲ್ (ಹಾಡು, ಕುಣಿತ, ನಗೆಯಾಟ ಕೂಡಿದ ರಂಗಪ್ರದರ್ಶನ) ಆಟದಲ್ಲಿ ಅಪ್ಪ ಮಗನನ್ನು ರಂಗದ ತುಂಬ ಎತ್ತಿ ಎಸೆಯುತ್ತಿದ್ದ. ಹಿಡಿಯಲು ಸುಲಭವಾಗಲಿ ಎಂದು ಹುಡುಗನ ಬಟ್ಟೆಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ದರು. ನ್ಯೂಯಾರ್ಕಿನ ಮಕ್ಕಳ ರಕ್ಷಣಾ ಸಂಘ ಹಲವು ಸಲ ಇವರ ಬೆನ್ನು ಹತ್ತಿತು. ಇಲ್ಲಿ ಎರಡು ಹೊಂಡ. ಹಿಂಸೆಯ ಬಾಲ್ಯ ಎಂದು ಒಂದೇ ಮಾತಿನಲ್ಲಿ ಬರೆದರೆ, ತನಗೆ ಪೆಟ್ಟಾಗುತ್ತಿರಲಿಲ್ಲ, ಬೀಳುವುದನ್ನು ಕಲಿತಿದ್ದೆ ಎಂದು ಕೊನೆಯವರೆಗೂ ಹೇಳಿದ ಮನುಷ್ಯನ ಮಾತನ್ನು ಅಳಿಸಿದಂತೆ. ಆತ ಹೇಳಿದ್ದನ್ನೇ ತೀರ್ಪು ಎಂದುಕೊಂಡರೆ, 1917ರ ಹೊತ್ತಿಗೆ ಅಪ್ಪನ ಕುಡಿತದಿಂದ ರಂಗದ ಮೇಲಿನ ಲೆಕ್ಕ ತಪ್ಪಿ ಆಟವೇ ಒಡೆದದ್ದನ್ನು ಮುಚ್ಚಿಟ್ಟಂತೆ. ನಾನು ಎರಡನ್ನೂ ಅವುಗಳ ತಾರೀಕಿನ ಜಾಗದಲ್ಲಿಟ್ಟು ಮುಂದೆ ಹೋದೆ.

ವಯಸ್ಸಿನ ವಿಷಯದಲ್ಲಿ ಎಚ್ಚರ. ಮಕ್ಕಳು ರಂಗ ಏರುವುದಕ್ಕೆ ಕಾನೂನಿನ ತಡೆ ಇದ್ದುದರಿಂದ ಜಾಹೀರಾತಿನಲ್ಲಿ ಹುಡುಗನ ವಯಸ್ಸನ್ನು ಹೆಚ್ಚಿಸಿ ಹಾಕುತ್ತಿದ್ದರು. ಆ ಕಾಲದ ಪತ್ರಿಕೆ ಮೊದಲ ದರ್ಜೆಯ ಆಧಾರವೇ ಆದರೂ ಅದರಲ್ಲಿ ಅಚ್ಚಾದ ವಯಸ್ಸು ಮೂರನೆಯ ದರ್ಜೆ. ಮೆಟ್ಟಿಲ ಮೇಲಿಂದ ಉರುಳಿದ ಕೂಸಿಗೆ ಜಾದೂಗಾರ ಹ್ಯಾರಿ ಹೂಡಿನಿ ‘ಬಸ್ಟರ್’ ಎಂದು ಹೆಸರಿಟ್ಟ ಎಂಬ ಪ್ರಸಿದ್ಧ ಕಥೆಯದೂ ಅದೇ ಗತಿ. ಅದರ ಹಳೆಯ ರೂಪದಲ್ಲಿ ಹೆಸರಿಟ್ಟವನು ಜಾರ್ಜ್ ಪಾರ್ಡಿ ಎಂಬ ಬೇರೊಬ್ಬ ನಟ. ಹೂಡಿನಿಯ ಹೆಸರು ದೊಡ್ಡದಾದ ಮೇಲೆ ಕಥೆಯೂ ಅತ್ತ ವಾಲಿತು. ಇಂಥ ದಂತಕಥೆಗಳಿಗೆ ನನ್ನ ಪರೀಕ್ಷೆ ಒಂದೇ: ಅತ್ಯಂತ ಹಳೆಯ ರೂಪ ಹುಡುಕು, ಹೊಸ ರೂಪಕ್ಕೆ ಬರುವಾಗ ಯಾರ ಹೆಸರು ದೊಡ್ಡದಾಯಿತು ನೋಡು.

ನಗದ ಮುಖದ ಬಗ್ಗೆಯೂ ಚಿತ್ರಗಳನ್ನು ನೋಡದೆ ಬರೆಯಬಾರದು. ತಾನು ನಕ್ಕರೆ ಸಭೆ ನಗುವುದಿಲ್ಲ ಎಂಬುದನ್ನು ಆತ ರಂಗದ ಮೇಲೆ ಹುಡುಗನಾಗಿದ್ದಾಗಲೇ ಕಂಡುಕೊಂಡ. ಅದು ಕಸುಬಿನ ಲೆಕ್ಕಾಚಾರ, ಎದೆಯೊಳಗಿನ ದುಃಖವಲ್ಲ. 1917ರಿಂದ ಆರ್ಬಕಲ್ ಜೊತೆ ನಟಿಸಿದ ಚಿಕ್ಕ ಚಿತ್ರಗಳಲ್ಲಿ ಕೀಟನ್ ಬಾಯ್ತುಂಬ ನಗುತ್ತಾನೆ, ಅಳುತ್ತಾನೆ. ‘ಕೋನಿ ಐಲ್ಯಾಂಡ್’ ನೋಡಿದರೆ ಸಾಕು. ನಗದಿರುವುದು ನಿಯಮವಾದದ್ದು 1920ರಲ್ಲಿ ಸ್ವಂತ ಚಿತ್ರಗಳು ಶುರುವಾದ ಮೇಲೆ.

ನೋಡುವಾಗ

ಮೂಕಿಚಿತ್ರಗಳ ಅವಧಿಯನ್ನು ಯಾರು ಬರೆದರೂ ನಂಬಬೇಡಿ, ಲೆಕ್ಕ ಹಾಕಿ. 35 ಮಿಮೀ ಫಿಲ್ಮಿನ ಒಂದು ಅಡಿಗೆ 16 ಫ್ರೇಮು, ಒಂದು ರೀಲಿಗೆ ಸುಮಾರು 1,000 ಅಡಿ. ಸೆಕೆಂಡಿಗೆ 16 ಫ್ರೇಮಿನಲ್ಲಿ ಓಡಿಸಿದರೆ ಒಂದು ರೀಲು 16 ನಿಮಿಷ 40 ಸೆಕೆಂಡು, 24 ಫ್ರೇಮಿನಲ್ಲಿ ಓಡಿಸಿದರೆ 11 ನಿಮಿಷ ಚಿಲ್ಲರೆ. 7,500 ಅಡಿಯ ಚಿತ್ರ ಒಂದು ಪ್ರತಿಯಲ್ಲಿ 83 ನಿಮಿಷ, 20 ಫ್ರೇಮಿನ ಇನ್ನೊಂದರಲ್ಲಿ 100 ನಿಮಿಷ ಇರಬಹುದು, ಒಂದು ದೃಶ್ಯವೂ ಕತ್ತರಿಸಿರುವುದಿಲ್ಲ. ಅವಧಿ ಕಡಿಮೆ ಇದೆ ಎಂದು ‘ಕತ್ತರಿ ಬಿದ್ದ ಪ್ರತಿ’ ಎಂದು ಬರೆದರೆ ಅಲ್ಲಿಗೆ ತಪ್ಪಾಯಿತು. ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದ ಕಾಲ ಬೇರೆ. ಬೇಕೆಂದೇ ನಿಧಾನ ತಿರುಗಿಸಿ ಓಟವನ್ನು ಚುರುಕು ಮಾಡುತ್ತಿದ್ದರು.

ಆದ್ದರಿಂದ ಆತನ ಮೈಯ ವೇಗದ ಬಗ್ಗೆ ಒಂದು ಸಾಲು ಬರೆಯುವ ಮೊದಲು ಅದೇ ಶಾಟಿನಲ್ಲಿ ಬೀಳುವ ವಸ್ತುವನ್ನೋ ಹೊಗೆಯನ್ನೋ ನೀರನ್ನೋ ನೋಡಬೇಕು. ಸುಮಾರು ಐದು ಮೀಟರ್ ಎತ್ತರದಿಂದ ಬಿಟ್ಟ ಭಾರದ ವಸ್ತು ನೆಲ ಮುಟ್ಟಲು ಒಂದು ಸೆಕೆಂಡು ಬೇಕು. ತೆರೆಯ ಮೇಲೆ ಅದು ಮುಕ್ಕಾಲು ಸೆಕೆಂಡಿಗೂ ಮೊದಲು ಬಿದ್ದರೆ ವೇಗ ಕೀಟನ್‌ನದಲ್ಲ, ಯಂತ್ರದ್ದು. ಸಂಗೀತ ಬಂದ್ ಮಾಡಿ ಒಮ್ಮೆ ನೋಡುವುದೂ ಅಗತ್ಯ. ಈಗಿನ ಪ್ರತಿಗಳಿಗೆ ಹೊಸದಾಗಿ ಸೇರಿಸಿದ ಸಂಗೀತ ವಿಷಾದವನ್ನು ಸುರಿದಿರುತ್ತದೆ, ನಾವು ಅದನ್ನು ಮುಖದಲ್ಲಿ ಕಂಡೆವು ಎಂದುಕೊಳ್ಳುತ್ತೇವೆ. ದೃಶ್ಯಗಳ ನಡುವೆ ಅಕ್ಷರದಲ್ಲಿ ಬರುವ ಮಾತಿನ ಫಲಕಗಳನ್ನೂ ಎಣಿಸಿ. ಸಾಮಾನ್ಯ ಚಿತ್ರಕ್ಕೆ 240 ಫಲಕ ಬೇಕಾಗುತ್ತಿತ್ತು, ತಾನು ಬಳಸಿದ್ದು ಹೆಚ್ಚೆಂದರೆ 56 ಎಂದು ಕೀಟನ್ ಹೇಳಿಕೊಂಡಿದ್ದಾನೆ. ಕೈಯಲ್ಲಿರುವ ಪ್ರತಿಯಲ್ಲಿ ಸಂಖ್ಯೆ ಹೆಚ್ಚಿದ್ದರೆ ಆಮೇಲೆ ಯಾರೋ ತುರುಕಿದ್ದಾರೆಯೇ ಎಂದು ಅನುಮಾನಪಡಲು ಇದು ಒಳ್ಳೆಯ ಸುಳಿವು.

ಗಾಯಗಳಿಗೆ ಎರಡು ತಾರೀಕು ಹಾಕಬೇಕು, ಆದ ದಿನ ಮತ್ತು ಗೊತ್ತಾದ ದಿನ. ‘ಷರ್ಲಾಕ್ ಜೂನಿಯರ್’ನಲ್ಲಿ ರೈಲಿನ ನೀರಿನ ತೊಟ್ಟಿಯ ಕೊಳವೆಯಿಂದ ಧುಮುಕಿದ ನೀರು ಆತನನ್ನು ಹಳಿಯ ಮೇಲೆ ಕೆಡವಿ ಕತ್ತಿನ ಮೂಳೆ ಬಿರುಕು ಬಿಟ್ಟದ್ದು 1924ರ ಚಿತ್ರದಲ್ಲಿ. ತಲೆನೋವು ಅನುಭವಿಸಿ ಕೆಲಸ ಮುಂದುವರಿಸಿದ. ಮೂಳೆ ಮುರಿದಿತ್ತು ಎಂದು ಎಕ್ಸ್‌ರೇ ನೋಡಿದ ವೈದ್ಯರು ಹೇಳಿದ್ದು ವರ್ಷಗಳ ಮೇಲೆ. ಮುರಿದ ಕತ್ತಿನ ನೋವು ಮರೆಯಲು ಕುಡಿದ ಎಂದು ಬರೆಯುವ ಆಸೆ ಈ ಎರಡು ತಾರೀಕು ಕಂಡೊಡನೆ ಸಾಯುತ್ತದೆ. 1918ರಲ್ಲಿ ಸೈನ್ಯದಲ್ಲಿದ್ದು ಫ್ರಾನ್ಸಿಗೆ ಹೋದಾಗ ಕಿವಿಗೆ ತಗುಲಿದ ಸೋಂಕು ಬೇರೆ. ಅದರಿಂದ ಕೇಳುವ ಶಕ್ತಿ ಶಾಶ್ವತವಾಗಿ ಕುಂದಿತು. ಆಮೇಲಿನ ಸಂದರ್ಶನಗಳಲ್ಲಿ ಒಂದಕ್ಕೊಂದು ಹೊಂದದ ಉತ್ತರಗಳು ಸಿಕ್ಕಿದಾಗ ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಗೆಳೆಯನ ಹಗರಣವನ್ನು ಎಷ್ಟು ಬರೆಯಬೇಕು? ಕೀಟನ್‌ಗೆ ಸಿನಿಮಾ ಕಲಿಸಿದ ರಾಸ್ಕೊ ಆರ್ಬಕಲ್ 1921ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾ ರ‍್ಯಾಪ್ ಎಂಬ ನಟಿಯ ಸಾವಿನ ಪ್ರಕರಣದಲ್ಲಿ ಸಿಕ್ಕಿಕೊಂಡ. ಎರಡು ವಿಚಾರಣೆಗಳಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಮೂರನೆಯದರಲ್ಲಿ, 1922ರ ಏಪ್ರಿಲ್ 12ರಂದು, ನಿರ್ದೋಷಿ ಎಂದು ತೀರ್ಪಾಯಿತು. ಅದಾದ ಆರೇ ದಿನಕ್ಕೆ ಚಿತ್ರೋದ್ಯಮ ಆತನ ಚಿತ್ರಗಳಿಗೆ ನಿಷೇಧ ಹೇರಿತು. ನಾನು ಇಷ್ಟನ್ನೇ ಬರೆದೆ, ಕೀಟನ್ ಗೆಳೆಯನ ಪರ ನಿಂತ ಎಂಬುದನ್ನು ಸೇರಿಸಿದೆ. ಆ ಕಾಲದ ಪತ್ರಿಕೆಗಳು ಹೋಟೆಲ್ ಕೋಣೆಯ ಬಗ್ಗೆ ಅಚ್ಚು ಹಾಕಿದ ವಿವರಗಳಲ್ಲಿ ಬಹುಪಾಲು ವಿಚಾರಣೆಯಲ್ಲಿ ನಿಲ್ಲಲಿಲ್ಲ. ಅವನ್ನು ಮತ್ತೆ ಬರೆದು ‘ಇದು ಸುಳ್ಳು’ ಎಂದರೂ ಓದುಗನ ತಲೆಯಲ್ಲಿ ಉಳಿಯುವುದು ಅವೇ.

ಬಾವನೇ ಧಣಿ

ಮನೆಯ ಕಾಲಂ ನಿಜವಾಗಿ ತುಂಬತೊಡಗುವುದು 1921ರ ಮೇ 31ರಂದು. ಅಂದು ನಟಾಲಿ ಟಾಲ್ಮಡ್ಜ್ ಜೊತೆ ಮದುವೆ. ಇಲ್ಲಿ ಕೂಡಲೇ ಒಂದು ವಂಶವೃಕ್ಷ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಮುಂದಿನ ಹನ್ನೆರಡು ವರ್ಷ ಅರ್ಥವಾಗುವುದಿಲ್ಲ. ನಟಾಲಿಯ ಅಕ್ಕ ನಾರ್ಮಾ ಆ ಕಾಲದ ದೊಡ್ಡ ತಾರೆ, ಇನ್ನೊಬ್ಬ ಸೋದರಿ ಕಾನ್‌ಸ್ಟನ್ಸ್ ಕೂಡ ತಾರೆ. ನಾರ್ಮಾಳ ಗಂಡ ಜೋಸೆಫ್ ಸ್ಕೆಂಕ್, ಕೀಟನ್ ಚಿತ್ರಗಳ ನಿರ್ಮಾಪಕ. ಅಂದರೆ ಸಂಬಳ ಕೊಡುವ ಧಣಿಯೇ ಹೆಂಡತಿಯ ಅಕ್ಕನ ಗಂಡ. ಕಂಪನಿಗೆ ಕೀಟನ್ ಹೆಸರಿತ್ತು, ಚಿತ್ರಗಳ ಒಡೆತನ ಇರಲಿಲ್ಲ. ಚಾಪ್ಲಿನ್‌ಗೆ ಸ್ವಂತ ಸ್ಟುಡಿಯೊ ಇತ್ತು, ಆ ಕಾಲದ ಇನ್ನೊಬ್ಬ ಹಾಸ್ಯನಟ ಹೆರಾಲ್ಡ್ ಲಾಯ್ಡ್ ತನ್ನ ಚಿತ್ರಗಳನ್ನು ತಾನೇ ಇಟ್ಟುಕೊಂಡಿದ್ದ. ಮೂವರನ್ನೂ ಹೋಲಿಸಿ ಪ್ರತಿಭೆಯ ತಕ್ಕಡಿ ಹಿಡಿಯುವ ಬರಹಗಳು ಹೇರಳ, ಆದರೆ ಮೂವರ ಬದುಕು ಬೇರೆ ಬೇರೆ ದಿಕ್ಕು ಹಿಡಿದದ್ದಕ್ಕೆ ದುಡ್ಡಿನ ಕಾಲಮ್ಮಿನ ಈ ಒಂದು ಸಾಲು ಹೆಚ್ಚು ಉತ್ತರ ಕೊಡುತ್ತದೆ. ಲೆಕ್ಕಪತ್ರ ನೋಡದೆ ಸಹಿ ಹಾಕುವ ಸ್ವಭಾವ ಕೀಟನ್‌ನದು. ಸ್ಕೆಂಕ್ ಮೇಲೆ ನಂಬಿಕೆ ಇತ್ತು, ನಂಟಸ್ತಿಕೆಯೂ ಇತ್ತು.

ಮಕ್ಕಳು ಇಬ್ಬರು, 1922 ಮತ್ತು 1924ರಲ್ಲಿ ಹುಟ್ಟಿದವರು. 1923ರ ‘ಅವರ್ ಹಾಸ್ಪಿಟಾಲಿಟಿ’ಯಲ್ಲಿ ಹೆಂಡತಿ ನಾಯಕಿ, ಅಪ್ಪ ಜೋ ರೈಲಿನ ಚಾಲಕ, ಹಿರಿಮಗ ಕೂಸಿನ ಪಾತ್ರ. ಮೂರು ತಲೆಮಾರು ಒಂದೇ ಚಿತ್ರದಲ್ಲಿ. ಎರಡನೆಯ ಮಗು ಹುಟ್ಟಿದ ಮೇಲೆ ಗಂಡ ಹೆಂಡತಿಯ ಕೋಣೆಗಳು ಬೇರೆಯಾದವು ಎಂಬುದನ್ನು ಜೀವನಚರಿತ್ರೆಗಳೆಲ್ಲ ಹೇಳುತ್ತವೆ. ನಾನು ಅದನ್ನು ಒಂದು ವಾಕ್ಯಕ್ಕೆ ಮುಗಿಸಿದೆ. ನಟಾಲಿ ತನ್ನ ಕಡೆಯ ಕಥೆಯನ್ನು ಪುಸ್ತಕ ಮಾಡಲಿಲ್ಲ, ಕೀಟನ್ ಮಾತ್ರ ದಶಕಗಳ ಕಾಲ ಸಂದರ್ಶನ ಕೊಟ್ಟ. ಒಬ್ಬರೇ ಮಾತಾಡಿದ ಮದುವೆಯಲ್ಲಿ ತಪ್ಪು ಯಾವಾಗಲೂ ಸುಮ್ಮನಿದ್ದವರ ಮೇಲೆ ಬೀಳುತ್ತದೆ. ಗೊತ್ತಿದ್ದೂ ಅದಕ್ಕೆ ಕೈ ಜೋಡಿಸುವುದು ಬೇಡ.

1928ರ ಜನವರಿಯ ಸಾಲಿಗೆ ನಾನು ಕೆಂಪು ಗೆರೆ ಎಳೆದೆ. ಸ್ಕೆಂಕ್ ಸಲಹೆಯಂತೆ ಕೀಟನ್ ಎಂಜಿಎಂ ಎಂಬ ಹಾಲಿವುಡ್‌ನ ದೊಡ್ಡ ಸ್ಟುಡಿಯೊ ಜೊತೆ ಕರಾರು ಮಾಡಿಕೊಂಡ. ವಾರಕ್ಕೆ 3,000 ಡಾಲರ್. ಬೇಡ ಎಂದು ಚಾಪ್ಲಿನ್ ಹೇಳಿದ್ದ, ಲಾಯ್ಡ್ ಕೂಡ ಹೇಳಿದ್ದ. ಸ್ವಂತ ಸ್ಟುಡಿಯೊದಲ್ಲಿ ಬರೆದ ಚಿತ್ರಕಥೆ ಇರುತ್ತಿರಲಿಲ್ಲ. ಶುರು ಏನು, ಕೊನೆ ಏನು ಎಂದು ಗೊತ್ತಾದರೆ ಸಾಕು, ನಡುವಿನದು ಸೆಟ್ಟಿನಲ್ಲಿ ಹುಟ್ಟುತ್ತಿತ್ತು. ಉಪಾಯ ಹೊಳೆಯದಿದ್ದರೆ ಇಡೀ ತಂಡ ಬೇಸ್‌ಬಾಲ್ ಆಡಲು ಹೋಗುತ್ತಿತ್ತು. ಎಂಜಿಎಂನಲ್ಲಿ ಮೊದಲು ಚಿತ್ರಕಥೆ, ಅದಕ್ಕೆ ಹತ್ತಾರು ಜನರ ಒಪ್ಪಿಗೆ, ಆಮೇಲೆ ಬಜೆಟ್, ಕೊನೆಗೆ ನಟ. ‘ದ ಕ್ಯಾಮೆರಾಮನ್’ನಲ್ಲಿ ಹೋರಾಡಿ ಒಂದಿಷ್ಟು ಉಳಿಸಿಕೊಂಡ. 1929ರ ‘ಸ್ಪೈಟ್ ಮ್ಯಾರೇಜ್’ ಹೊತ್ತಿಗೆ ಹಳೆಯ ತಂಡ ಚದುರುತ್ತಿತ್ತು. ಆ ಚಿತ್ರವನ್ನು ಮಾತಿನ ಚಿತ್ರವಾಗಿ ಮಾಡೋಣ ಎಂದು ಕೇಳಿದವನು ಕೀಟನ್, ಬೇಡವೆಂದದ್ದು ಸ್ಟುಡಿಯೊ. ವಾಡ್ವಿಲ್‌ನಲ್ಲಿ ಬೆಳೆದವನಿಗೆ ಮಾತಿನ ಭಯ ಎಲ್ಲಿಯದು? ಆಮೇಲೆ ಬಂದ ಮಾತಿನ ಚಿತ್ರಗಳಲ್ಲಿ ಹಲವು ಲಾಭವನ್ನೇ ತಂದವು. ಡಬ್ಬಿಂಗ್ ಇನ್ನೂ ಬಂದಿರದ ಆ ದಿನಗಳಲ್ಲಿ ಒಂದೇ ದೃಶ್ಯವನ್ನು ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಭಾಷೆಗಳಲ್ಲಿ ಉಚ್ಚಾರ ಬಾಯಿಪಾಠ ಮಾಡಿ ಮತ್ತೆ ಮತ್ತೆ ನಟಿಸಬೇಕಾಗುತ್ತಿತ್ತು. ಹೋದದ್ದು ಧ್ವನಿಯಲ್ಲ, ಯಜಮಾನಿಕೆ.

ಕುಡಿತದ ಸಾಲುಗಳು ದಟ್ಟವಾಗುವುದು ಈ ಕೆಂಪು ಗೆರೆ ದಾಟಿದ ಮೇಲೆ. ಮೊದಲೂ ಕುಡಿಯುತ್ತಿದ್ದ, ಆದರೆ ಚಿತ್ರೀಕರಣದ ದಿನ ತಪ್ಪಿಸಿದ ಸುದ್ದಿಗಳು, ಜಗಳಗಳು, ಆಸ್ಪತ್ರೆ, ಎಲ್ಲವೂ 1930ರ ಆಚೀಚೆಗೆ ಬರುತ್ತವೆ. ಹಾಗಾಗಿ ಕೆಲಸ ಹೋಯಿತು, ಅದಕ್ಕೇ ಕುಡಿದ ಎಂದೂ ಬರೆಯಲಿಲ್ಲ. ಅಪ್ಪನ ಕುಡಿತದ ಸಾಲು 1917ರಲ್ಲಿ ಆಗಲೇ ಇದೆಯಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬಷ್ಟನ್ನು ಲೆಕ್ಕದ ಪುಸ್ತಕ ಹೇಳುತ್ತದೆ, ಯಾವುದು ಯಾವುದಕ್ಕೆ ಕಾರಣ ಎಂಬುದನ್ನು ಹೇಳುವುದಿಲ್ಲ. ಇನ್ನೊಂದು ಮಾತು: 1920ರಿಂದ 1933ರ ಡಿಸೆಂಬರಿನವರೆಗೆ ಅಮೆರಿಕದಲ್ಲಿ ಪಾನನಿಷೇಧ ಇತ್ತು. ಆ ವರ್ಷಗಳಲ್ಲಿ ಸಿಗುತ್ತಿದ್ದದ್ದು ಕಳ್ಳದಾರಿಯ ಸರಕು, ಅದರ ಕಸುವು ಇಷ್ಟೇ ಎಂದು ಹೇಳುವಂತಿರಲಿಲ್ಲ. ‘ದಿನಕ್ಕೆ ಇಷ್ಟು ಬಾಟಲಿ’ ಎಂಬ ಅಂಕಿಗಳು ಕಂಡರೆ ಪೆನ್ಸಿಲ್ಲೂ ಬೇಡ, ಬಿಟ್ಟುಬಿಡಿ.

1932ರಿಂದ 1936ರವರೆಗಿನ ತಾರೀಕುಗಳಲ್ಲಿ ಎಲ್ಲರೂ ಎಡವುತ್ತಾರೆ. ಒಂದು ಕಡೆ ಮೇ ಸ್ಕ್ರಿವನ್ ಜೊತೆಗಿನ ಎರಡನೆಯ ಮದುವೆ 1933ರ ಜನವರಿ, ಮೆಕ್ಸಿಕೊ ಎಂದಿರುತ್ತದೆ. ಇನ್ನೊಂದು ಕಡೆ ಅದೇ ವರ್ಷದ ಅಕ್ಟೋಬರ್, ಕ್ಯಾಲಿಫೋರ್ನಿಯಾ ಎಂದಿರುತ್ತದೆ. ಒಂದನ್ನು ತಪ್ಪೆಂದು ಹೊಡೆದುಹಾಕಬೇಡಿ, ಎರಡೂ ಸರಿ. ಆ ಕಾಲದ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ವಿಚ್ಛೇದನದ ಮಧ್ಯಂತರ ತೀರ್ಪು ಬಂದು ವರ್ಷ ತುಂಬದೆ ಅದು ಅಂತಿಮವಾಗುತ್ತಿರಲಿಲ್ಲ. ಅದುವರೆಗೆ ಅಲ್ಲಿ ಮರುಮದುವೆಯಾಗುವಂತಿರಲಿಲ್ಲ. ನಟಾಲಿಗೆ ತೀರ್ಪು ಸಿಕ್ಕಿದ್ದು 1932ರಲ್ಲಿ. ಆದ್ದರಿಂದ ಮೆಕ್ಸಿಕೊದ ಮದುವೆ ಕ್ಯಾಲಿಫೋರ್ನಿಯಾದಲ್ಲಿ ಮದುವೆಯೇ ಅಲ್ಲ, ಗಡುವು ಮುಗಿದ ಮೇಲೆ ಮತ್ತೊಮ್ಮೆ ಆಗಬೇಕಾಯಿತು. ಎರಡನೆಯ ವಿಚ್ಛೇದನವನ್ನು ಕೆಲವರು 1935 ಎಂದು, ಕೆಲವರು 1936 ಎಂದು ಬರೆಯುವುದಕ್ಕೂ ಇದೇ ನಿಯಮ ಕಾರಣ. ಎರಡು ಮೂಲಗಳು ಒಂದು ವರ್ಷದ ಅಂತರದಲ್ಲಿ ಜಗಳವಾಡುತ್ತಿದ್ದರೆ ಮೊದಲು ಆ ರಾಜ್ಯದ ಕುಟುಂಬ ಕಾನೂನು ನೋಡಬೇಕು.

ಈ ಎರಡು ಮದುವೆಗಳ ನಡುವೆಯೇ, 1933ರ ಫೆಬ್ರವರಿಯಲ್ಲಿ, ಎಂಜಿಎಂ ಆತನನ್ನು ಕೆಲಸದಿಂದ ತೆಗೆಯಿತು. ಅದೇ ತಿಂಗಳು ಬಿಡುಗಡೆಯಾದ ಕೊನೆಯ ಚಿತ್ರ ‘ವಾಟ್! ನೋ ಬಿಯರ್?’ನಲ್ಲಿ ಮಾತು ತೊದಲುವುದು, ಕಣ್ಣು ಮಂಕಾಗಿರುವುದು ಯಾರಿಗಾದರೂ ಕಾಣುತ್ತದೆ. ಕಂಡದ್ದನ್ನು ಬರೆಯಬಹುದು. ಇಂಥ ದೃಶ್ಯದ ದಿನ ಕುಡಿದಿದ್ದ ಎಂದು ಬರೆಯಬೇಕಾದರೆ ಆ ದಿನದ ವರದಿ ಕೈಯಲ್ಲಿರಬೇಕು. ನಟಾಲಿ ಮಕ್ಕಳ ಮನೆತನದ ಹೆಸರನ್ನೂ ಟಾಲ್ಮಡ್ಜ್ ಎಂದು ಬದಲಿಸಿದಳು. ಸುಮಾರು ಹತ್ತು ವರ್ಷ ಅಪ್ಪನಿಗೂ ಮಕ್ಕಳಿಗೂ ಬಳಕೆಯೇ ಇರಲಿಲ್ಲ.

ಈ ನಾಲ್ಕು ವರ್ಷಕ್ಕೆ ನನ್ನ ಪುಸ್ತಕದಲ್ಲಿ ಪುಟಗಟ್ಟಲೆ ಸಾಲುಗಳಿವೆ, ಮುಂದಿನ ಹದಿನೈದು ವರ್ಷಕ್ಕೆ ಒಂದೆರಡು ಪುಟ. ಇದು ಬದುಕಿನ ಅಳತೆಯಲ್ಲ, ಕಾಗದದ ಅಳತೆ. ವಿಚ್ಛೇದನ, ಸಾಲ, ಆಸ್ಪತ್ರೆ ಎಲ್ಲವೂ ದಾಖಲೆ ಹುಟ್ಟಿಸುತ್ತವೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಿ ಸಂಜೆ ಇಸ್ಪೀಟು ಆಡಿ ಮಲಗಿದ ದಿನಕ್ಕೆ ಎಲ್ಲಿಯ ದಾಖಲೆ? ಕಾಗದ ಸಿಕ್ಕಷ್ಟು ಬರೆದರೆ ಯಾವ ಹಾಸ್ಯನಟನ ಬದುಕೂ ದುರಂತವಾಗಿಯೇ ಕಾಣುತ್ತದೆ. ಸರಿದೂಗಿಸಲು ಒಂದು ದಾರಿಯಿದೆ: ಖಾಲಿ ಕಂಡ ವರ್ಷಗಳಲ್ಲಿ ಮಾಡಿದ ಕೆಲಸವನ್ನು ಒಂದೊಂದಾಗಿ ಎಣಿಸುವುದು. 1934ರಿಂದ 1937ರವರೆಗೆ ಎಜುಕೇಷನಲ್ ಎಂಬ ಚಿತ್ರ ಕಂಪನಿಗೆ 16 ಎರಡು ರೀಲಿನ ಚಿತ್ರಗಳು. 1939ರಿಂದ 1941ರವರೆಗೆ ಕೊಲಂಬಿಯಾ ಸ್ಟುಡಿಯೊಗೆ 10. ನಡುವೆ ಫ್ರಾನ್ಸಿನಲ್ಲಿ ಒಂದು, ಇಂಗ್ಲೆಂಡಿನಲ್ಲಿ ಒಂದು. 1937ರಿಂದ ಅದೇ ಎಂಜಿಎಂನಲ್ಲಿ ವಾರಕ್ಕೆ 100 ಡಾಲರಿಗೆ ಬೇರೆಯವರ ಚಿತ್ರಗಳಿಗೆ ನಗೆಯ ಉಪಾಯ ಹೊಳೆಯಿಸುವ ಕೆಲಸ. ಹಾಸ್ಯನಟರಾದ ಮಾರ್ಕ್ಸ್ ಸಹೋದರರಿಗೆ, ರೆಡ್ ಸ್ಕೆಲ್ಟನ್‌ಗೆ. 3,000 ಪಡೆದ ಕಟ್ಟಡದಲ್ಲಿಯೇ 100! ಅವಮಾನ ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ‘ಕಣ್ಮರೆಯಾದ ವರ್ಷಗಳು’ ಎಂಬ ಮಾತು ಮಾತ್ರ ಈ ಎಣಿಕೆಯ ಮುಂದೆ ನಿಲ್ಲುವುದಿಲ್ಲ.

1940ರ ಮೇ 29ರಂದು ಎಲಿನರ್ ನಾರಿಸ್ ಎಂಬ ನರ್ತಕಿಯ ಜೊತೆ ಮೂರನೆಯ ಮದುವೆ. ಆಕೆಗೆ 21, ಆತನಿಗೆ 44. ಈ ಮದುವೆ ಆತ ಸಾಯುವವರೆಗೆ ನಡೆಯಿತು, ಮೊದಲೆರಡನ್ನು ಕೂಡಿಸಿದರೂ ಇದೇ ಹೆಚ್ಚು ವರ್ಷ ಬಾಳಿತು. 1947ರಲ್ಲಿ ಪ್ಯಾರಿಸ್ಸಿನ ಮೆದ್ರಾನೊ ಸರ್ಕಸ್ಸಿನಲ್ಲಿ ಕೀಟನ್ ಆಡಿದ. ಮುಂದೆ ರಂಗದ ಮೇಲೆ ಎಲಿನರ್ ಜೊತೆಯಾದಳು. ಸಾಮಾನ್ಯ ಬರಹಗಳಲ್ಲಿ ಆಕೆಗೆ ಸಿಗುವುದು ‘ಕೊನೆಗೆ ನೆಮ್ಮದಿ ಕಂಡ’ ಎಂಬ ಒಂದು ಸಾಲು. ನಾನು ಆಕೆಯನ್ನು ಸಹೋದ್ಯೋಗಿಯಾಗಿಯೇ ಬರೆದೆ. ಕುಡಿತವೂ ಈ ಮದುವೆಯೊಂದಿಗೆ ಮಾಯವಾಗಲಿಲ್ಲ. ಬಿಟ್ಟ, ಮತ್ತೆ ಹಿಡಿದ, ಮತ್ತೆ ಬಿಟ್ಟ. ಇದನ್ನು ನೇರ ಗೆರೆ ಮಾಡುವ ಆಸೆಗೆ ಬೀಳಬಾರದು.

ಮರಳಿ ಬಂದ ಕೀರ್ತಿಯ ಭಾಗವನ್ನು ಚಿಕ್ಕದಾಗಿ ಮುಗಿಸಬಹುದು, ದಾಖಲೆ ಸ್ಪಷ್ಟವಾಗಿದೆ. 1949ರಲ್ಲಿ ಲೈಫ್ ಪತ್ರಿಕೆಯಲ್ಲಿ ಮೂಕಿ ಹಾಸ್ಯದ ಬಗ್ಗೆ ವಿಮರ್ಶಕ ಜೇಮ್ಸ್ ಏಜಿ ಬರೆದ ಪ್ರಬಂಧ, ಆಮೇಲೆ ಟಿವಿ, 1952ರಲ್ಲಿ ಚಾಪ್ಲಿನ್ ಜೊತೆ ‘ಲೈಮ್‌ಲೈಟ್’, 1960ರ ಏಪ್ರಿಲ್‌ನಲ್ಲಿ ಗೌರವ ಆಸ್ಕರ್, 1965ರಲ್ಲಿ ವೆನಿಸ್ ಚಿತ್ರೋತ್ಸವದ ಚಪ್ಪಾಳೆ. 1957ರಲ್ಲಿ ಪ್ಯಾರಮೌಂಟ್ ತೆಗೆದ ಕೀಟನ್ ಜೀವನಚಿತ್ರವನ್ನು ಮಾತ್ರ ಆಧಾರವಾಗಿ ಮುಟ್ಟಬೇಡಿ. ಅದರಲ್ಲಿನ ಹೆಂಗಸರು ಕಲ್ಪಿತ ಪಾತ್ರಗಳು, ಘಟನೆಗಳು ಅದಲುಬದಲು. ದುಡ್ಡಿನ ಕಾಲಮ್ಮಿಗೆ ಮಾತ್ರ ಅದು ಬೇಕು: ಅದರಿಂದ ಬಂದ 50,000 ಡಾಲರಿನಲ್ಲಿ ಕೀಟನ್ ದಂಪತಿ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಮನೆ ಕೊಂಡರು. 1960ರ ಆತ್ಮಕಥೆ ಇನ್ನೊಬ್ಬ ಬರಹಗಾರನಿಗೆ ಹೇಳಿ ಬರೆಸಿದ್ದು. ನಗೆಯ ಉಪಾಯ ಹೇಗೆ ಕೆಲಸ ಮಾಡಿತು ಎಂಬಲ್ಲಿ ಅದನ್ನು ನಾನು ನಂಬುತ್ತೇನೆ, ಚಿತ್ರ ನೋಡಿ ತಾಳೆ ಹಾಕಬಹುದು. ತಾರೀಕು ಮತ್ತು ಮನೆಯ ವಿಷಯಕ್ಕೆ ಬಂದರೆ ನಂಬುವುದಿಲ್ಲ.

ಮುಪ್ಪಿನ ವರ್ಷಗಳಿಗೆ ಇರುವ ಅತ್ಯುತ್ತಮ ಆಧಾರ ಕೆನಡಾದ್ದು. 1964ರಲ್ಲಿ ‘ದ ರೈಲ್‌ರಾಡರ್’ ತೆಗೆಯುವಾಗ ಕೆನಡಾದ ರಾಷ್ಟ್ರೀಯ ಚಿತ್ರ ಮಂಡಳಿ ಚಿತ್ರೀಕರಣವನ್ನೇ ಇನ್ನೊಂದು ಕ್ಯಾಮೆರಾದಲ್ಲಿ ಹಿಡಿದಿಟ್ಟಿತು. ಎತ್ತರದ ರೈಲು ಸೇತುವೆಯ ಮೇಲೆ ಮೈಗೆಲ್ಲ ನಕ್ಷೆಯ ಹಾಳೆ ಸುತ್ತಿಕೊಂಡು ಕಣ್ಣು ಕಾಣದೆ ಸಾಗುವ ಉಪಾಯಕ್ಕೆ, ಅಪಾಯ ಎಂದು ನಿರ್ದೇಶಕ ತಕರಾರು ತೆಗೆಯುತ್ತಾನೆ. 69ರ ಆಸುಪಾಸಿನ ಕೀಟನ್ ಬಿಡದೆ ವಾದಿಸುತ್ತಾನೆ. ಎಲಿನರ್ ಪಕ್ಕದಲ್ಲಿದ್ದಾಳೆ, ಕೆಮ್ಮು ಕೇಳಿಸುತ್ತದೆ. ಬೇರೆಯವರ ನೆನಪು ಬೇಡ, ಆತನ ಕೆಲಸದ ರೀತಿ ಕಣ್ಣೆದುರೇ ಇದೆ. ಸಾವು 1966ರ ಫೆಬ್ರವರಿ 1, ಶ್ವಾಸಕೋಶದ ಕ್ಯಾನ್ಸರ್. ಸಾಯುವಾಗ ಇನ್ನೂ ಬಿಡುಗಡೆಯಾಗದ ಚಿತ್ರ ಬಾಕಿ ಇತ್ತು, ಹಾಗಾಗಿ ಲೆಕ್ಕದ ಪುಸ್ತಕದಲ್ಲಿ ಕೆಲಸದ ಕಾಲಂ ಮನೆಯ ಕಾಲಮ್ಮಿಗಿಂತ ಕೆಳಗೆ ಹೋಗಿ ನಿಲ್ಲುತ್ತದೆ.

ಬರಹಕ್ಕೆ ಚಿತ್ರ ಸೇರಿಸುವವರು ಗಮನಿಸಬೇಕಾದದ್ದು: ಅಮೆರಿಕದಲ್ಲಿ 1929ರವರೆಗೆ ಬಿಡುಗಡೆಯಾದ ಚಿತ್ರಗಳ ಹಕ್ಕಿನ ಅವಧಿ ಮುಗಿದಿದೆ, ಅಂದರೆ ಕೀಟನ್‌ನ ಮೂಕಿಚಿತ್ರಗಳೆಲ್ಲ ಅಲ್ಲಿ ಮುಕ್ತ. ಆದರೆ ಹೊಸ ಪ್ರತಿಗಳಿಗೆ ಹಾಕಿದ ಸಂಗೀತಕ್ಕೆ ಹಕ್ಕು ಇರುತ್ತದೆ, ಬೇರೆ ದೇಶಗಳಲ್ಲಿ ಲೆಕ್ಕವೂ ಬೇರೆ. ಸ್ಥಿರಚಿತ್ರಗಳಲ್ಲಿ ಸ್ಟುಡಿಯೊ ಪ್ರಚಾರಕ್ಕೆ ತೆಗೆದದ್ದು ಯಾವುದು, ಚಿತ್ರದ ಫ್ರೇಮು ಯಾವುದು ಎಂದು ಬೇರೆ ಮಾಡಿಕೊಳ್ಳಿ. ಪ್ರಚಾರದ ಫೋಟೊದಲ್ಲಿರುವ ಭಂಗಿ ಎಷ್ಟೋ ಸಲ ಚಿತ್ರದಲ್ಲಿ ಇರುವುದೇ ಇಲ್ಲ.